ನನ್ನ ಮಚ್ಚೆ ಹಲ್ಲು ಮತ್ತು ಅದರ ಅಕ್ಕ

ಮೇಲಿನ ಸಾಲಿನ ಎರಡು ಮುಂದಿನ ಹಲ್ಲುಗಳಲ್ಲಿ ಎಡಗಡೆಯದು ನನ್ನ ಮಚ್ಚೆ ಹಲ್ಲು. ಹಾಲುಹಲ್ಲು ಬಿದ್ದು ಏಳನೇ ವಯಸ್ಸಿನಲ್ಲಿ ಅದು ಹುಟ್ಟುವಾಗಲೇ ಮಚ್ಚೆ ಹೊತ್ತುಕೊಂಡು ಬಂದಿತ್ತು. ಪೆನ್ಸಿಲ್ ಹಿಂದಿನ ರಬ್ಬರಿಗಿಂತ ಚಿಕ್ಕದು. ನಡುವೆ ಕಂದು ಮಿಶ್ರಿತ ಹಳದಿ, ಸುತ್ತ ಸುಣ್ಣದಂಥ ಬಿಳಿ ಅಂಚು. ಪಕ್ಕದ ಹಲ್ಲುಗಳೆಲ್ಲ ಚೆನ್ನಾಗೇ ಇದ್ದವು. ಅದಕ್ಕೇ ಇದು ಇನ್ನೂ ಎದ್ದು ಕಾಣುತ್ತಿತ್ತು.

"ಸರಿಯಾಗಿ ಉಜ್ಜಲ್ವಾ?" ಅಂತ ಕೇಳದವರಿಲ್ಲ. ಉಜ್ಜಿದ್ದೇನೆ. ಎಷ್ಟು ಉಜ್ಜಿದ್ದೇನೆ ಅಂದರೆ, ಆ ಹಲ್ಲಿನ ಮೇಲಿನ ಒಸಡು ಉಳಿದ ಕಡೆಗಿಂತ ಒಂಚೂರು ಮೇಲೆ ಸರಿದಿದೆ. ಮಚ್ಚೆ ಮಾತ್ರ ಅಲ್ಲೇ. ಫೋಟೋ ತೆಗೆಯುವಾಗ ತುಟಿ ಮುಚ್ಚಿ ನಗುವುದು, ಜೋರಾಗಿ ನಗು ಬಂದರೆ ಕೈ ಅಡ್ಡ ಹಿಡಿಯುವುದು, ಇವೆಲ್ಲ ಯಾವಾಗ ಅಭ್ಯಾಸ ಆದವು ಅಂತಲೇ ನೆನಪಿಲ್ಲ.

ಇನ್ನೊಂದು ತೊಂದರೆ ಬೇರೆ ಇತ್ತು. ಕೆಳಗಿನ ಎಡಗಡೆ ದವಡೆ ಹಲ್ಲು. ತಣ್ಣೀರು ತಾಗಿದರೆ ಸಾಕು, ಜುಮ್ಮೆಂದು ಕಿವಿಯವರೆಗೆ ಏರುತ್ತಿತ್ತು. ನೀರು ಕುಡಿಯುವಾಗ ತಲೆಯನ್ನು ಬಲಕ್ಕೆ ವಾಲಿಸಿ ಆ ಕಡೆಯಿಂದಲೇ ಗಂಟಲಿಗೆ ಇಳಿಸುತ್ತಿದ್ದೆ. ಅದರ ಒಂದು ಮೂಲೆ ಸ್ಕೂಲಿನ ದಿನಗಳಲ್ಲೇ ಮುರಿದಿತ್ತು. ಎರಡು ಸಲ ಫಿಲ್ಲಿಂಗ್ ಹಾಕಿಸಿದ್ದೆ, ಎರಡು ಸಲವೂ ಬಿದ್ದುಹೋಯಿತು. ಒಂದು ಹಲ್ಲು ನೋಡೋಕೆ ಚೆನ್ನಾಗಿಲ್ಲ, ಇನ್ನೊಂದು ನೋಯುತ್ತೆ. ಇವೆರಡಕ್ಕೂ ಸಂಬಂಧ ಇದೆ ಅಂತ ಮೂವತ್ತಮೂರು ವರ್ಷ ನನಗೂ ಹೊಳೆದಿರಲಿಲ್ಲ, ಬಾಯಿ ನೋಡಿದ ಯಾರೂ ಹೇಳಿರಲಿಲ್ಲ.

ಕಳೆದ ವರ್ಷ ದವಡೆ ಹಲ್ಲಿನ ಇನ್ನೊಂದು ಚೂರು ಕಳಚಿತು. ಹೋದ ಮೊದಲ ಕ್ಲಿನಿಕ್‌ನಲ್ಲಿ ಐದು ನಿಮಿಷದಲ್ಲಿ ತೀರ್ಪು ಬಂತು. ದವಡೆ ಹಲ್ಲಿಗೆ ರೂಟ್ ಕೆನಾಲ್, ಮೇಲೆ ಕ್ಯಾಪ್. "ಹೇಗೂ ಬಂದಿದ್ದೀರಿ, ಮುಂದಿನ ಎರಡೂ ಹಲ್ಲನ್ನು ಸ್ವಲ್ಪ ತೇಯ್ದು ಅಲ್ಲೂ ಕ್ಯಾಪ್ ಹಾಕಿಬಿಡೋಣ. ಎರಡೂ ಒಂದೇ ಥರ ಕಾಣುತ್ತೆ." ಸ್ವಲ್ಪ ಅಂದರೆ ಎಷ್ಟು ಅಂತ ಕೇಳಿದೆ. ಅವರು ನಕ್ಕು, "ಚಿಂತೆ ಮಾಡ್ಬೇಡಿ" ಅಂದರು. ಅದು ಉತ್ತರ ಅಲ್ಲವಲ್ಲ. ಪಕ್ಕದ ಹಲ್ಲು ಯಾವ ತಪ್ಪು ಮಾಡಿದೆ? ಜೋಡಿ ಚೆಂದ ಕಾಣಲಿ ಅಂತ ಅದನ್ನೂ ಯಾಕೆ ತೇಯಬೇಕು? ತೇಯ್ದ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುವುದಿಲ್ಲ ಅನ್ನುವುದಂತೂ ಗೊತ್ತಿತ್ತು. ಯೋಚಿಸಿ ಹೇಳ್ತೀನಿ ಅಂತ ಎದ್ದು ಬಂದೆ.

ಎರಡನೇ ಡಾಕ್ಟರನ್ನು ಹುಡುಕಿಕೊಟ್ಟಿದ್ದು ಗೆಳತಿ. ಮಕ್ಕಳ ಹಲ್ಲು ಜಾಸ್ತಿ ನೋಡುವವರು, ನಡುವಯಸ್ಸಿನ ಹೆಂಗಸು. ಮೊದಲು ಮಾಡಿದ ಕೆಲಸ ಅಂದರೆ ಕುರ್ಚಿಯ ಮೇಲಿನ ದೊಡ್ಡ ಲೈಟ್ ಆರಿಸಿದ್ದು. ಆಮೇಲೆ ಪೆನ್ನಿನಷ್ಟು ದಪ್ಪದ ಒಂದು ಲೈಟನ್ನು ಮುಂದಿನ ಹಲ್ಲಿನ ಹಿಂಬದಿಗೆ ಹಿಡಿದರು. ಕನ್ನಡಿ ನನ್ನ ಕೈಗೆ ಕೊಟ್ಟರು. ಹಲ್ಲು ಲಾಂದ್ರದ ಗಾಜಿನ ಹಾಗೆ ಬೆಳಗಿತು. ಮಚ್ಚೆ ಇದ್ದ ಕಡೆ ಮಾತ್ರ ಕಪ್ಪು ನೆರಳು. ನೆರಳು ಎಷ್ಟು ಗಾಢವೋ ಮಚ್ಚೆ ಅಷ್ಟು ಆಳ ಅಂತೆ. ನನ್ನದು ಸಾಕಷ್ಟು ಗಾಢವಾಗೇ ಇತ್ತು.

ಆಮೇಲೆ ದವಡೆ ಹಲ್ಲು ನೋಡಿದರು. ಮತ್ತೆ ಮುಂದಿನದಕ್ಕೆ ಬಂದರು. "ಇವೆರಡೂ ಒಂದೇ ಮನೆ ಮಕ್ಕಳು" ಅಂದರು. "ದವಡೆಯದು ಅಕ್ಕ, ಮುಂದಿನದು ತಂಗಿ."

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಆರನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಬರುವ ಮೊದಲ ದವಡೆ ಹಲ್ಲು, ಅದಾದ ಮೇಲೆ ಬರುವ ಮುಂದಿನ ಹಲ್ಲು, ಇವೆರಡರ ಎನಾಮೆಲ್ ತಯಾರಾಗುವುದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ದವಡೆ ಹಲ್ಲಿನ ಕೆಲಸ ಮಗು ಹುಟ್ಟುವ ಹೊತ್ತಿಗೆ ಶುರುವಾಗಿರುತ್ತದೆ. ಮುಂದಿನ ಹಲ್ಲಿನದು ಕೆಲವೇ ತಿಂಗಳಲ್ಲಿ ಶುರು. ಆ ಮೊದಲ ಎರಡು ಮೂರು ವರ್ಷಗಳಲ್ಲಿ ಎನಾಮೆಲ್ ಕಟ್ಟುವ ಜೀವಕೋಶಗಳಿಗೆ ಏನಾದರೂ ಅಡ್ಡಿಯಾದರೆ ಖನಿಜ ತುಂಬುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಲ್ಲಿನ ಆಕಾರ, ದಪ್ಪ ಎಲ್ಲ ಸರಿಯಾಗೇ ಬರುತ್ತದೆ, ಒಳಗೆ ಮಾತ್ರ ಟೊಳ್ಳು. ಒಳ್ಳೆಯ ಎನಾಮೆಲ್‌ನ ತೂಕದಲ್ಲಿ ಶೇಕಡಾ 96ರಷ್ಟು ಖನಿಜ. ಇಂಥ ಹಲ್ಲಿನಲ್ಲಿ ಖನಿಜ ಕಡಿಮೆ, ಪ್ರೋಟೀನ್ ಜಾಸ್ತಿ. ಬಿಳಿ ಮಚ್ಚೆಗಿಂತ ಹಳದಿ ಮತ್ತು ಕಂದು ಮಚ್ಚೆ ಇನ್ನೂ ಟೊಳ್ಳು. ಅಗಿಯುವ ಒತ್ತಡ ಬೀಳುವ ಅಕ್ಕ ಪುಡಿಯಾಗುತ್ತಾಳೆ, ಒತ್ತಡ ಇಲ್ಲದ ತಂಗಿ ಬರೀ ಬಣ್ಣಗೆಡುತ್ತಾಳೆ.

ಇದಕ್ಕೊಂದು ಉದ್ದ ಹೆಸರಿದೆ: ಮೋಲಾರ್ ಇನ್ಸೈಸರ್ ಹೈಪೋಮಿನರಲೈಸೇಶನ್. ಚಿಕ್ಕದಾಗಿ ಎಂಐಎಚ್. ಈ ಹೆಸರು ಹುಟ್ಟಿದ್ದೇ 2001ರಲ್ಲಂತೆ. ಅದಕ್ಕೆ ಮುಂಚೆ ಕೆಲವರು ಇದನ್ನು ಚೀಸ್ ಮೋಲಾರ್ ಅಂತಲೂ ಕರೆಯುತ್ತಿದ್ದರು. ನನ್ನ ಹಲ್ಲಿಗೆ ನನಗಿಂತ ಚಿಕ್ಕ ವಯಸ್ಸಿನ ಹೆಸರು!

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಹೇಳಬಾರದಿತ್ತೇನೋ. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ವರ್ಷ ತುಂಬೋ ಮೊದಲು ನಿಂಗೆ ಎದೇಲಿ ಕಫ ಕಟ್ಟಿ ಹತ್ತು ದಿನ ಜ್ವರ ಕಣೇ. ಆಗ್ಲೇ ಆಗಿರ್ಬೇಕು. ನಾನು ಇನ್ನೂ ಬೇಗ ತೋರಿಸ್ಬೇಕಿತ್ತು" ಅಂದಳು. ಮುಂದಿನ ಸಲ ಡಾಕ್ಟರ ಹತ್ತಿರ ಇದನ್ನೇ ಕೇಳಿದೆ. ಅವರು ತಲೆಯಾಡಿಸಿದರು. ಜ್ವರ, ಉಸಿರಾಟದ ಕಾಯಿಲೆ, ಆ್ಯಂಟಿಬಯಾಟಿಕ್, ವಂಶವಾಹಿ, ಹೀಗೆ ಹಲವು ಕಾರಣಗಳ ಮೇಲೆ ಅನುಮಾನ ಇದೆ, ಆದರೆ ಇಂಥದ್ದೇ ಅಂತ ಬೆರಳು ಮಾಡಿ ತೋರಿಸೋಕೆ ಆಗಲ್ಲ ಅಂದರು. "ಅಮ್ಮಂಗೆ ಹೇಳಿ, ಜ್ವರ ಬಂದ ಮಕ್ಕಳಿಗೆಲ್ಲ ಹೀಗಾಗಲ್ಲ." ಹೇಳಿದೆ. ಅಮ್ಮ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಡಾಕ್ಟರ ಯೋಜನೆ ಸರಳವಾಗಿತ್ತು. ಆದಷ್ಟು ಕಡಿಮೆ ತೇಯುವುದು. ಮೊದಲು ಅಕ್ಕ, ಆಮೇಲೆ ತಂಗಿ. ನನಗೆ ಆತುರ ಇದ್ದದ್ದು ತಂಗಿಯ ಬಗ್ಗೆ, ಆದರೆ ಅವರು ಒಪ್ಪಲಿಲ್ಲ. ಬಾಯಲ್ಲಿ ನೋವಿರುವ ಹಲ್ಲು ಬಿಟ್ಟು ಅಂದದ ಕೆಲಸಕ್ಕೆ ಕೈ ಹಾಕಲ್ಲ ಅಂದರು.

ದವಡೆ ಹಲ್ಲಿನ ದಿನ ಅಷ್ಟೇನೂ ಸುಖವಾಗಿರಲಿಲ್ಲ. ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಆಯಿತು, ತುಟಿ ಮರಗಟ್ಟಿತು, ಹಲ್ಲಿಗೆ ಗಾಳಿ ಊದಿದರೆ ಮಾತ್ರ ಕಾಲು ಎಗರಿತು. ಇಂಥ ಹಲ್ಲುಗಳ ಕಥೆಯೇ ಹೀಗಂತೆ. ಟೊಳ್ಳು ಎನಾಮೆಲ್ ಒಳಗಿನ ನರವನ್ನು ಕಾಪಾಡುವುದಿಲ್ಲ, ನರ ಯಾವಾಗಲೂ ಕೆರಳಿಕೊಂಡೇ ಇರುತ್ತದೆ, ಮದ್ದು ಬೇಗ ಹಿಡಿಯುವುದಿಲ್ಲ. ಚಿಕ್ಕವಳಿದ್ದಾಗ ಫಿಲ್ಲಿಂಗ್ ಹಾಕಿಸಿಕೊಳ್ಳುತ್ತಾ ಕಿರುಚಿ, "ಇಷ್ಟಕ್ಕೆಲ್ಲ ನಾಟಕ ಮಾಡ್ತೀಯಾ" ಅಂತ ಬೈಸಿಕೊಂಡಿದ್ದೆ. ಅವತ್ತು ನಾಟಕ ಮಾಡಿರಲಿಲ್ಲ ಅನ್ನುವುದು ಈಗ ಗೊತ್ತಾಯಿತು. ಇನ್ನೊಂದು ಇಂಜೆಕ್ಷನ್ ಕೊಟ್ಟರು. ಆಗ ಹಿಡಿಯಿತು.

ಕಂದು ಬಣ್ಣದ ಪುಡಿ ಪುಡಿ ಭಾಗವನ್ನಷ್ಟೇ ತೆಗೆದರು. ಅಂಚು ಗಟ್ಟಿ ಎನಾಮೆಲ್‌ಗೆ ಬಂದ ಕೂಡಲೇ ನಿಲ್ಲಿಸಿದರು. ಹಳೆಯ ಫಿಲ್ಲಿಂಗ್ ಎರಡು ಸಲ ಬಿದ್ದ ಗುಟ್ಟು ಇಲ್ಲೇ ಇತ್ತು. ಅದರ ಅಂಚು ಟೊಳ್ಳು ಎನಾಮೆಲ್ ಮೇಲೆ ಕೂತಿತ್ತು. ಹಸಿ ಮಣ್ಣಿನ ಮೇಲೆ ಗೋಡೆ ಕಟ್ಟಿದ ಹಾಗೆ. ಗೋಡೆ ಗಟ್ಟಿಯಿದ್ದರೇನು, ಕೆಳಗಿನದು ಕುಸಿಯುತ್ತಲ್ಲ. ಈ ಸಲ ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಹಾಕಿದರು, ಪದರ ಪದರವಾಗಿ. ನರದವರೆಗೆ ಹೋಗುವ ಪ್ರಮೇಯವೇ ಬರಲಿಲ್ಲ. ರೂಟ್ ಕೆನಾಲ್ ಇಲ್ಲ, ಕ್ಯಾಪ್ ಇಲ್ಲ. ಮುಂದೆ ಯಾವತ್ತಾದರೂ ಬೇಕಾಗಬಹುದು ಅಂತಲೂ ಅವರೇ ಹೇಳಿದರು, ಮುಚ್ಚಿಡಲಿಲ್ಲ.

ಮುಂದಿನ ಹಲ್ಲಿಗೆ ಬರುವ ಮೊದಲು ಬ್ಲೀಚಿಂಗ್. ಅಚ್ಚು ತೆಗೆದು ಹಲ್ಲಿನ ಸಾಲಿಗೆ ಸರಿಯಾಗಿ ಕೂರುವ ತೆಳು ಪ್ಲಾಸ್ಟಿಕ್ ಟ್ರೇ ಮಾಡಿಕೊಟ್ಟರು. ಅದರಲ್ಲಿ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಒಂದೊಂದು ಹನಿ ಹಾಕಿ ರಾತ್ರಿ ಮಲಗುವಾಗ ಹಾಕಿಕೊಳ್ಳಬೇಕು. ಹಳದಿ ಬಣ್ಣ ತೆಗೆಯೋದು ಇದರ ಕೆಲಸ, ಟೊಳ್ಳು ತುಂಬೋದು ಆಮೇಲಿನ ಕೆಲಸ. ಮೊದಲ ವಾರ ನನಗೆ ಅಳುವೇ ಬಂತು. ಸುತ್ತಲಿನ ಹಲ್ಲೆಲ್ಲ ಬೆಳ್ಳಗಾಗಿ, ಮಚ್ಚೆಯ ಬಿಳಿ ಅಂಚು ಇನ್ನೂ ಬೆಳ್ಳಗಾಗಿ, ಹಲ್ಲು ಮಚ್ಚೆ ಮಚ್ಚೆಯ ಹಸುವಿನ ಹಾಗೆ ಕಾಣುತ್ತಿತ್ತು. ಜೊತೆಗೆ ಮುಂದಿನ ಹಲ್ಲೂ ಜುಮ್ಮೆನ್ನೋಕೆ ಶುರು. ಫೋನ್ ಮಾಡಿದರೆ, "ಎರಡು ರಾತ್ರಿ ಬಿಟ್ಟು ಮತ್ತೆ ಶುರು ಮಾಡಿ, ಕನ್ನಡಿ ನೋಡ್ಬೇಡಿ" ಅಂದರು. ಕನ್ನಡಿ ನೋಡದೆ ಇರೋದು ಹೇಳಿದಷ್ಟು ಸುಲಭನಾ? ಮೂರು ವಾರಕ್ಕೆ ಹಳದಿ ತೆಳುವಾಗಿ ಕೆನೆ ಬಣ್ಣಕ್ಕೆ ಬಂತು. ಅಲ್ಲಿಂದ ಎರಡು ವಾರ ಸುಮ್ನೆ ಕಾಯಬೇಕು. ಬ್ಲೀಚ್‌ನ ಆಮ್ಲಜನಕ ಹಲ್ಲಿನಲ್ಲಿ ಉಳಿದಿದ್ದರೆ ಟೊಳ್ಳಿಗೆ ತುಂಬುವ ರೆಸಿನ್, ಅಂದರೆ ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವ, ಸರಿಯಾಗಿ ಗಟ್ಟಿಯಾಗುವುದಿಲ್ಲ.

ಆ ಕಾಯುವ ದಿನಗಳಲ್ಲಿ ನಾನು ಕಲಿತ ಒಂದು ವಿಷಯ ಇಲ್ಲಿ ಹೇಳಲೇಬೇಕು. ಮಚ್ಚೆ ಬೆಳ್ಳಗೆ ಕಾಣೋದು ಅಲ್ಲಿ ಬಿಳಿ ಬಣ್ಣ ಇದೆ ಅಂತ ಅಲ್ಲ. ಅಲ್ಲಿ ಸಣ್ಣ ಸಣ್ಣ ಖಾಲಿ ಜಾಗಗಳಿವೆ, ಅದರೊಳಗೆ ಗಾಳಿ ಅಥವಾ ನೀರು ಇದೆ. ಬೆಳಕು ಎನಾಮೆಲ್‌ನಿಂದ ಗಾಳಿಗೆ, ಗಾಳಿಯಿಂದ ಎನಾಮೆಲ್‌ಗೆ ದಾಟುವಾಗ ಪ್ರತಿ ಸಲವೂ ಬಾಗುತ್ತದೆ, ಚದುರುತ್ತದೆ. ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆಗೆ ವಕ್ರೀಭವನ ಸೂಚ್ಯಂಕ ಅನ್ನುತ್ತಾರೆ. ಎನಾಮೆಲ್‌ನದು ಸುಮಾರು 1.62, ನೀರಿನದು 1.33, ಗಾಳಿಯದು 1. ಅಂತರ ಹೆಚ್ಚಿದಷ್ಟೂ ಮಚ್ಚೆ ಎದ್ದು ಕಾಣುತ್ತದೆ. ಅದಕ್ಕೇ ಬೆಳಿಗ್ಗೆ ಬಾಯಿ ಒಣಗಿದ್ದಾಗ ನನ್ನ ಮಚ್ಚೆ ದೊಡ್ಡದಾಗಿ ಕಾಣುತ್ತಿದ್ದದ್ದು! ಭ್ರಮೆ ಅಂದುಕೊಂಡಿದ್ದೆ. ಈಗ ಆ ಖಾಲಿ ಜಾಗಗಳಿಗೆ ಸುಮಾರು 1.5ರ ಸೂಚ್ಯಂಕ ಇರುವ ನೀರಿನಂಥ ರೆಸಿನ್ ಹೀರಿಸಿದರೆ ಬೆಳಕು ಹೆಚ್ಚು ಎಡವದೆ ದಾಟಿಹೋಗುತ್ತದೆ. ಕಾಗದದ ಮೇಲೆ ಎಣ್ಣೆ ಹನಿ ಬಿದ್ದರೆ ಆ ಜಾಗದಲ್ಲಿ ಬೆಳಕು ಹಾಯುತ್ತಲ್ಲ, ಹಾಗೆ. ಮಚ್ಚೆಗೆ ಬಣ್ಣ ಬಳಿದು ಮುಚ್ಚುವುದಲ್ಲ, ಅದು ಕಾಣದ ಹಾಗೆ ಮಾಡುವುದು. ಇದಕ್ಕೆ ರೆಸಿನ್ ಇನ್‌ಫಿಲ್ಟ್ರೇಶನ್ ಅನ್ನುತ್ತಾರೆ. ಜರ್ಮನಿಯ ಡಿಎಂಜಿ ಕಂಪನಿ 2009ರಲ್ಲಿ ಐಕಾನ್ ಅನ್ನುವ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ನನಗೂ ಅದನ್ನೇ ಹಾಕಿದ್ದು.

ಮೈಕ್ರೋಅಬ್ರೇಶನ್ ಯಾಕೆ ಬೇಡ ಅಂತಲೂ ಕೇಳಿದ್ದೆ. ಆಸಿಡ್ ಮತ್ತು ಒರಟು ಪುಡಿಯ ಪೇಸ್ಟಿನಿಂದ ಮೇಲಿನ ತೆಳು ಪದರವನ್ನು ಉಜ್ಜಿ ತೆಗೆಯುವ ವಿಧಾನ ಅದು, 1980ರ ದಶಕದಿಂದ ಚಾಲ್ತಿಯಲ್ಲಿದೆ. ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್‌ನ ತೆಳು ಕಲೆಗಳು ಎನಾಮೆಲ್‌ನ ಹೊರಪದರದಲ್ಲಿರುತ್ತವೆ, ಅವಕ್ಕೆ ಅದು ಚೆನ್ನಾಗಿ ಆಗುತ್ತದೆ. ಎಂಐಎಚ್ ಮಚ್ಚೆ ಒಳಗಿನಿಂದ ಹೊರಕ್ಕೆ ಬಂದದ್ದು. ಮೇಲೆ ಎಷ್ಟು ಉಜ್ಜಿದರೂ ಬೇರು ಕೆಳಗಿದೆ. ಇದೇ ಕಾರಣಕ್ಕೆ ಇನ್‌ಫಿಲ್ಟ್ರೇಶನ್ ಕೂಡ ನನ್ನಂಥ ಹಲ್ಲಿಗೆ ಪೂರ್ತಿ ಗ್ಯಾರಂಟಿ ಇಲ್ಲ ಅಂತ ಮೊದಲೇ ಹೇಳಿದ್ದರು. "ಮಾಸುತ್ತೆ ಅಂತ ಹೇಳ್ತೀನಿ, ಮಾಯ ಆಗುತ್ತೆ ಅಂತ ಹೇಳಲ್ಲ."

ಆ ದಿನ ಇಂಜೆಕ್ಷನ್ ಇರಲಿಲ್ಲ. ತುಟಿಗಳನ್ನು ಅಗಲಿಸಿ, ರಬ್ಬರ್ ಡ್ಯಾಮ್ ಅನ್ನುವ ನೀಲಿ ಹಾಳೆಯನ್ನು ಬಾಯಿಗೆ ಅಡ್ಡ ಕಟ್ಟಿದರು. ತೂತುಗಳಿಂದ ಮುಂದಿನ ಹಲ್ಲುಗಳಷ್ಟೇ ಹೊರಗೆ. ಮಾತಾಡುವ ಹಾಗಿಲ್ಲ, ಉಗುಳು ನುಂಗುವುದೂ ಕಷ್ಟ. ಪಾಲಿಶ್ ಮಾಡಿ, ಆಸಿಡ್ ಜೆಲ್ ಹಚ್ಚಿದರು. ಶೇಕಡಾ 15ರ ಹೈಡ್ರೋಕ್ಲೋರಿಕ್ ಆಸಿಡ್. ಹೆಸರು ಕೇಳಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಏನೂ ಆಗಲಿಲ್ಲ, ಮೂಗಿಗೊಂದು ಹುಳಿ ಘಾಟು ಬಂತು ಅಷ್ಟೇ. ಮಚ್ಚೆಯ ಮೇಲಿನ ಮುಚ್ಚಳದಂಥ ಗಟ್ಟಿ ಪದರ ತೆರೆದರೆ ಮಾತ್ರ ರೆಸಿನ್ ಒಳಗೆ ಇಳಿಯುತ್ತದೆ. ಎರಡು ನಿಮಿಷ ಬಿಟ್ಟು ತೊಳೆದು, ಗಾಳಿ ಊದಿ ಒಣಗಿಸಿದರು. ಕನ್ನಡಿ ಕೊಟ್ಟಾಗ ಎದೆ ಧಸಕ್ಕೆಂದಿತು. ಸೀಮೆಸುಣ್ಣ ಬಳಿದ ಹಾಗೆ ಮಚ್ಚೆ ಬೆಳ್ಳಗಾಗಿತ್ತು. ಒಣಗಿದೆಯಲ್ಲ, ಒಳಗೆ ಬರೀ ಗಾಳಿ.

ಆಮೇಲೆ ಬಂತು ನನಗೆ ಎಲ್ಲಕ್ಕಿಂತ ಇಷ್ಟವಾದ ಗಳಿಗೆ. ಸಿರಿಂಜಿನಿಂದ ಆಲ್ಕೋಹಾಲ್ ಒಂದು ಹನಿ ಬಿಟ್ಟರು. ಹಲ್ಲನ್ನು ಇನ್ನಷ್ಟು ಒಣಗಿಸೋದು ಅದರ ಕೆಲಸ. ಆದರೆ ಆರಿಹೋಗುವ ಮುಂಚೆ ಕೆಲವು ಸೆಕೆಂಡು ಅದು ಖಾಲಿ ಜಾಗ ತುಂಬುತ್ತದೆ. ಅಂದರೆ ರೆಸಿನ್ ಹಾಕಿದರೆ ಹೇಗೆ ಕಾಣಬಹುದು ಅನ್ನುವುದರ ಟ್ರೇಲರ್. ಮಚ್ಚೆಯ ಅಂಚು ಕಣ್ಣೆದುರೇ ಕರಗಿತು. ನಡುಭಾಗ ಕರಗಲಿಲ್ಲ. ಹನಿ ಆರಿದ ಕೂಡಲೇ ಎಲ್ಲ ವಾಪಸ್ ಬಂತು.

ಮತ್ತೆ ಆಸಿಡ್, ಮತ್ತೆ ತೊಳೆತ, ಮತ್ತೆ ಆಲ್ಕೋಹಾಲ್. ಸ್ವಲ್ಪ ವಾಸಿ. ಮೂರನೇ ಸಲ. ನಡುವಿನ ಗಂಟು ಅಲ್ಲೇ ಇತ್ತು. ಡಾಕ್ಟರ್ ಕುರ್ಚಿ ಹಿಂದಕ್ಕೆ ಸರಿಸಿ ಎರಡು ಕ್ಷಣ ಹಲ್ಲನ್ನೇ ನೋಡಿದರು. "ಇನ್ನು ಬರೀ ಆಸಿಡ್‌ನಿಂದ ಆಗಲ್ಲ. ನಡುವೆ ಒಂದೇ ಒಂದು ತೆಳು ಪದರ ಮರಳು ಊದಿ ತೆಗೀತೀನಿ. ಬೇಡ ಅಂದ್ರೆ ಕೈ ಎತ್ತಿ, ಇಲ್ಲಿಗೇ ನಿಲ್ಲಿಸ್ತೀನಿ." ಮುಂದಿನ ಹಲ್ಲಿನ ಎನಾಮೆಲ್ ಇರುವುದೇ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅದರಲ್ಲಿ ಎಷ್ಟು ತೆಗೆಯುತ್ತೀರಿ ಅಂತ ಕೇಳಬೇಕೆನಿಸಿತು, ಬಾಯಿಗೆ ರಬ್ಬರ್ ಕಟ್ಟಿದೆಯಲ್ಲ. ನನ್ನ ಹುಬ್ಬು ನೋಡಿಯೇ ಅವರಿಗೆ ಅರ್ಥವಾಯಿತೇನೋ, ಕಾಲು ಭಾಗಕ್ಕಿಂತ ಕಮ್ಮಿ ಅಂದರು. ಈ ಸಲ 'ಸ್ವಲ್ಪ' ಅನ್ನುವುದಕ್ಕೆ ಒಂದು ಅಳತೆ ಸಿಕ್ಕಿತು. ಕೈ ಎತ್ತಲಿಲ್ಲ.

ಅಲ್ಯುಮಿನಾ ಪುಡಿಯನ್ನು ಸಣ್ಣ ಕೊಳವೆಯಿಂದ ಊದಿದರು. ಡ್ರಿಲ್‌ನ ಕೀರಲು ಸದ್ದಿಲ್ಲ, ಬರೀ ಸುಯ್ ಅನ್ನುವ ಗಾಳಿ. ಇನ್ನೊಂದು ಸಲ ಆಲ್ಕೋಹಾಲ್ ಬಿಟ್ಟಾಗ ನಡುವೆ ಉಳಿದದ್ದು ಒಂದು ಕೆನೆಬಣ್ಣದ ಗೆರೆ. "ಸಾಕು, ಇಲ್ಲಿಗೆ ನಿಲ್ಲಿಸೋಣ" ಅಂದರು.

ದೊಡ್ಡ ಲೈಟನ್ನು ಪಕ್ಕಕ್ಕೆ ತಿರುಗಿಸಿದರು. ಅದರ ಬೆಳಕಿಗೇ ರೆಸಿನ್ ಗಟ್ಟಿಯಾಗಿಬಿಡಬಹುದು. ಆಮೇಲೆ ರೆಸಿನ್ ಹಚ್ಚಿ ಕಾಯುತ್ತಾ ಕೂತೆವು. ಮೂರು ನಿಮಿಷ ಅಂತ ಲೆಕ್ಕ, ನನ್ನ ಮಚ್ಚೆ ಆಳ ಅಂತ ಇನ್ನೂ ಜಾಸ್ತಿ ಹೊತ್ತು ಬಿಟ್ಟರು. ಕಾಗದದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಅದು ತಾನಾಗಿ ಒಳಗೆ ಹೀರಿಕೊಳ್ಳುತ್ತದಂತೆ, ಒತ್ತುವುದು ಏನೂ ಇಲ್ಲ. ಹೆಚ್ಚಿನದನ್ನು ಒರೆಸಿ, ಹಲ್ಲಿನ ಸಂದಿಯಲ್ಲಿ ದಾರ ಎಳೆದು, ನೀಲಿ ಬೆಳಕು 40 ಸೆಕೆಂಡು. ಇನ್ನೊಂದು ಸುತ್ತು ಒಂದು ನಿಮಿಷ, ಮತ್ತೆ ನೀಲಿ ಬೆಳಕು. ಮರಳು ಊದಿದ ತಗ್ಗಿನ ಮೇಲೆ ಕಾಂಪೋಸಿಟ್‌ನ ತೆಳು ಪದರ. ಪಾಲಿಶ್. ಒಟ್ಟು ಒಂದೂವರೆ ಗಂಟೆ. ಹಲ್ಲಿಗೆ ಏನೂ ನೋವಿರಲಿಲ್ಲ, ದವಡೆಯ ಕೀಲು ಮಾತ್ರ ಎರಡು ದಿನ ನೋಯಿತು.

ಮನೆಗೆ ಬಂದು ಕನ್ನಡಿ ನೋಡಿದರೆ ಪಕ್ಕದ ಹಲ್ಲುಗಳೇ ವಿಚಿತ್ರವಾಗಿ ಬೆಳ್ಳಗೆ ಕಾಣುತ್ತಿದ್ದವು. ರಬ್ಬರ್ ಕಟ್ಟಿ ಅಷ್ಟು ಹೊತ್ತು ಒಣಗಿದ್ದಕ್ಕೆ ಹಾಗೆ. ಇದನ್ನು ಮೊದಲೇ ಹೇಳಿದ್ದರಿಂದ ಈ ಸಲ ಹೆದರಲಿಲ್ಲ. ನಾಲ್ಕನೇ ದಿನಕ್ಕೆ ಎಲ್ಲ ಒಂದು ಹದಕ್ಕೆ ಬಂತು. ಅಮ್ಮ ಊರಿಂದ ಬಂದಾಗ ಕಿಟಕಿ ಹತ್ತಿರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ನೋಡಿದಳು. ನೋಡಿ, ಬಲಗಡೆ ಹಲ್ಲು ತೋರಿಸಿ "ಇದೇ ಅಲ್ವಾ?" ಅಂದಳು. ಇಪ್ಪತ್ತಾರು ವರ್ಷ ನೋಡಿದ ಮಚ್ಚೆ ಯಾವ ಕಡೆ ಇತ್ತು ಅಂತ ಅಮ್ಮನಿಗೇ ಮರೆತುಹೋಗಿತ್ತು. ನನಗೆ ಖುಷಿಯೂ ಆಯಿತು, ಒಂಥರಾ ಕೋಪವೂ ಬಂತು.

ಈಗ ಆರು ತಿಂಗಳಾಯಿತು. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟ್, ಮೆತ್ತನೆ ಬ್ರಶ್. ರಾತ್ರಿ ದವಡೆ ಹಲ್ಲುಗಳಿಗೆ ಹಾಲಿನ ಪ್ರೋಟೀನಿನಿಂದ ಮಾಡಿದ ಕ್ಯಾಲ್ಸಿಯಂ ಕ್ರೀಮ್ ಸವರುತ್ತೇನೆ. ಹಾಲಿನ ಪ್ರೋಟೀನ್ ಅಲರ್ಜಿ ಇದ್ದವರು ಅದನ್ನು ಮುಟ್ಟಬಾರದು. ಮೊನ್ನೆ ಚೆಕಪ್‌ಗೆ ಹೋದಾಗ ಡಾಕ್ಟರ್ ಗಾಳಿ ಊದಿ ಹಲ್ಲು ಒಣಗಿಸಿದರು. ಕೆನೆಬಣ್ಣದ ಗೆರೆ ನಿಧಾನವಾಗಿ ಎದ್ದು ಬಂತು. ಬೇಕಿದ್ದರೆ ಇನ್ನೊಂದು ಪದರ ತೆಗೆದು ಮುಚ್ಚಬಹುದು ಅಂದರು. ಬೇಡ ಅಂದೆ. ಅವರೂ ಬೇಡ ಅಂತಲೇ ಕಾಯುತ್ತಿದ್ದರು ಅನಿಸುತ್ತೆ, ತಕ್ಷಣ ದವಡೆ ಹಲ್ಲಿಗೆ ಹೋದರು. ಫಿಲ್ಲಿಂಗ್ ಗಟ್ಟಿಯಾಗಿದೆ. ಒಳಗಡೆ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಂಡಿತು, ಅಲ್ಲೇ ಸೀಲ್ ಮಾಡಿ, ಮೇಲೆ ಫ್ಲೋರೈಡ್ ವಾರ್ನಿಷ್ ಹಚ್ಚಿದರು. ಬಾಯಿ ಮುಕ್ಕಳಿಸೋಕೆ ಲೋಟದಲ್ಲಿ ನೀರು ಕೊಟ್ಟರು. ಹಳೇ ಅಭ್ಯಾಸದಲ್ಲಿ ತಲೆ ಬಲಕ್ಕೆ ವಾಲಿಸಿದೆ. "ನೇರವಾಗೇ ಕುಡೀರಿ, ನೋಡೋಣ" ಅಂದರು. ನೀರು ತಣ್ಣಗೇ ಇತ್ತು. ಎಡಗಡೆ ಸ್ವಲ್ಪ ಚುರ್ ಅಂದಿತು, ಕಿವಿಯವರೆಗೆ ಹೋಗಲಿಲ್ಲ.